ಶೆಡ್ಡಿನ ಬಾಣಂತನ

ಫೆಬ್ರವರಿ 2

ಇವತ್ತಿನಿಂದ ಬರೆಯುತ್ತೇನೆ. ಕಾರಣ ಇಷ್ಟೇ, ಇಲ್ಲಿ ಮನಸ್ಸು ಬಿಚ್ಚಿ ಬೈಯಲು ಜಾಗವಿಲ್ಲ. ನಮ್ಮ ಶೆಡ್ಡಿಗೂ ಪಕ್ಕದ ದುರುಗಕ್ಕನ ಶೆಡ್ಡಿಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗ, ಆಚೆಗೂ ಈಚೆಗೂ ಬರೀ ತಗಡು. ಇವರ ಜೊತೆ ಪಿಸುಗುಟ್ಟಿಕೊಂಡು ಜಗಳವಾಡಿದರೂ ಮರುದಿನ ನಲ್ಲಿಯ ಹತ್ತಿರ ದುರುಗಕ್ಕ "ಮಂಗಳಕ್ಕ, ನಿನ್ನೆ ಅಣ್ಣಾರು ಹೇಳಿದ್ದೂ ಸರಿ ಐತಲ್ಲ" ಎಂದು ತೀರ್ಪು ಕೊಡುತ್ತಾಳೆ. ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಇವರ ವಿಮೆ ಕಂಪನಿಯವರು ಕೊಟ್ಟ ಖಾಲಿ ಡೈರಿ ಹಿಡಿದು ಕೂತಿದ್ದೇನೆ.

ಹೋದ ಜುಲೈನಲ್ಲಿ ಹೊಳೆ ಊರೊಳಗೆ ಬಂತು. ಹೊನ್ನಾಳಿಯ ಹೊಳೆದಂಡೆಯಲ್ಲಿದ್ದ ನಮ್ಮ ಮಣ್ಣಿನ ಮನೆಯ ಹಿಂದಿನ ಗೋಡೆ ಮಲಗಿತು, ಮುಂದಿನದು ವಾಲಿತು. ಊರಿಗೆಲ್ಲ ವಿಮೆ ಮಾಡಿಸಿದ ನನ್ನ ಗಂಡ ಬಸವರಾಜಪ್ಪನವರು ಸ್ವಂತ ಮನೆಗೆ ಮಾತ್ರ ಮಾಡಿಸಿರಲಿಲ್ಲ. ಆಮೇಲೆ ನ್ಯಾಮತಿ ರಸ್ತೆಯ ಪಕ್ಕದ ಬಯಲಿಗೆ ಲಾರಿಗಳು ಬಂದವು. ಬೆಳಿಗ್ಗೆ ತಗಡು, ಪೈಪು, ಬೋಲ್ಟು ಇಳಿಸಿದರು, ಸಂಜೆಯ ಹೊತ್ತಿಗೆ ಸಾಲಾಗಿ ಶೆಡ್ಡುಗಳು ನಿಂತಿದ್ದವು. "ಮೂರು ತಿಂಗಳು ಅಷ್ಟೇ ಅಮ್ಮ" ಎಂದಿದ್ದರು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು.

ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ. ಇದು ತಾತ್ಕಾಲಿಕ ವಸತಿ, ಗೋಡೆಗೆ ತೂತು ಕೊರೆಯಬಾರದು. ಕೊರೆಯುವವರು ಯಾರಪ್ಪ? ನಾನು ಒಂದು ಮೊಳೆ ಸಹ ಹೊಡೆದಿಲ್ಲ. ಬಸವಣ್ಣನ ಫೋಟೋ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತಿದೆ. ಇವರು ಬಾಯಿ ತಪ್ಪಿ "ಮನೆ" ಎಂದರೆ "ಶೆಡ್ಡು ಅನ್ನಿ" ಎನ್ನುತ್ತೇನೆ.

ಫೆಬ್ರವರಿ 6

ಇವರಿಗೆ ಹೊಸ ಹುಚ್ಚು. ಮೊಬೈಲಿನಲ್ಲಿ ತಗಡಿನ ಗುಡಿಸಲುಗಳ ಚರಿತ್ರೆ ಓದುತ್ತಿದ್ದಾರೆ. ಹೊಲಿಗೆಗೆ ಬಂದ ಬ್ಲೌಸು ಕತ್ತರಿಸುತ್ತಾ ಕೂತವಳ ಮುಂದೆ ಪಾಠ ಶುರು.

"ಮಂಗಳಾ, ಮೊದಲನೇ ಮಹಾಯುದ್ಧದಾಗೆ ಸೈನ್ಯದ ಒಬ್ಬ ಇಂಜಿನಿಯರ್ರು ಇದನ್ನ ಕಂಡುಹಿಡಿದಿದ್ದಂತೆ. ಅರ್ಧ ಪೀಪಾಯಿ ಬೋರಲು ಹಾಕಿದಂಗೆ ಇರ್ತಿತ್ತಂತೆ. ಒಂದು ಗಾಡಿಯಾಗೆ ಇಡೀ ಗುಡಿಸ್ಲು ಹೇರಿಕೊಂಡು ಹೋಗಿ, ಆರು ಜನ ನಾಲ್ಕು ತಾಸಿನಾಗೆ ನಿಲ್ಲಿಸ್ತಿದ್ರಂತೆ!"

"ನಿಲ್ಲಿಸಾಕೆ ನಾಲ್ಕು ತಾಸು. ಅದರಿಂದ ಹೊರಗೆ ಬರಾಕೆ ಎಷ್ಟು ವರ್ಷ ಹಿಡೀತಂತೆ, ಅದನ್ನೂ ಓದಿ ಹೇಳಿ" ಎಂದೆ. ಅದು ಅವರ ಮೊಬೈಲಿನಲ್ಲಿ ಇರಲಿಲ್ಲ.

ತಗಡಿಗೆ ಅಲೆ ಅಲೆ ಯಾಕೆ ಎಂದೂ ವಿವರಿಸಿದರು. ಚಪ್ಪಟೆ ತಗಡು ಬಾಗುತ್ತದೆ, ಅಲೆ ಕೊಟ್ಟರೆ ಗಟ್ಟಿಯಾಗಿ ನಿಲ್ಲುತ್ತದಂತೆ. ಇದನ್ನು ಹೇಳಲು ಮೊಬೈಲು ಬೇಕೇ? ಸೀರೆಗೆ ನಿರಿಗೆ ಹಿಡಿಯುವ ಯಾವ ಹೆಂಗಸಿಗೆ ಇದು ಗೊತ್ತಿಲ್ಲ!

ಫೆಬ್ರವರಿ 16

ಬಸವಾಪಟ್ಟಣದಲ್ಲಿ ಮಗಳು ಕಲ್ಪನಾಳ ಕುಬುಸದ ಕಾರ್ಯ ಮುಗಿಸಿ, ಅವಳನ್ನು ಕರೆದುಕೊಂಡು ಬಂದೆವು. ಖುಷಿಯಾಗಿ ಬರೆಯಬೇಕಾದ ದಿನ. ಬರೆಯಲು ಆಗುತ್ತಿಲ್ಲ.

ಆರತಿ ಮುಗಿದು, ನಾನು ತಂದ ಹಸಿರು ಸೀರೆ ಉಡಿಸಿ, ಎಲ್ಲರೂ ಊಟಕ್ಕೆ ಕೂತಿದ್ದೆವು. ಬೀಗಿತ್ತಿ ನನ್ನ ಎಲೆಗೆ ಹೋಳಿಗೆ ಹಾಕುತ್ತಾ, ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. "ತಗಡಿನ ಡಬ್ಬಿಯಾಗೆ ಬಾಣಂತನ ಹೆಂಗ್ ಮಾಡ್ತೀರಿ ಬೀಗಿತ್ತಿ? ಕಲ್ಪನಾ ಇಲ್ಲೇ ಇರ್ಲಿ ಬಿಡ್ರಿ. ನಮ್ಮನಿಯಾಗೆ ಕೋಣೆಗೇನು ಬರ ಐತಾ?"

ಅಳಿಯ ರುದ್ರಮುನಿ ತಲೆ ಎತ್ತಿ ಫ್ಯಾನು ನೋಡಿದ. ಒಳ್ಳೆಯ ಹುಡುಗ, ಆದರೆ ತಾಯಿ ಮಾತಾಡುವಾಗ ಅವನಿಗೆ ಯಾವಾಗಲೂ ಫ್ಯಾನಿನ ಮೇಲೇ ಕಣ್ಣು. ನಾನೇ ಹೇಳಿದೆ. "ಮೊದಲನೇ ಹೆರಿಗೆ ತವರಿನಾಗೇ ಆಗಬೇಕು. ಗೋಡೆ ಯಾವುದಾದರೇನು, ತಾಯಿ ಇದ್ದೀನಲ್ಲ." ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ.

ಮಗಳ ಬಾಣಂತನ ಮಾಡಲಾಗದ ತಾಯಿ ಎಂಬ ಮಾತೊಂದು ನನಗೆ ಬರಬಾರದು. ಹೊಳೆ ಮನೆ ತೆಗೆದುಕೊಂಡಿತು, ಇದನ್ನೂ ಕೊಡುವುದಿಲ್ಲ.

ಮಾರ್ಚ್ 4

ಸೆಕೆ. ಹನ್ನೊಂದಕ್ಕೆಲ್ಲ ಗೋಡೆ ಮುಟ್ಟಲು ಆಗುವುದಿಲ್ಲ. ಕಲ್ಪನಾ ಟೇಬಲ್ ಫ್ಯಾನನ್ನು ತಬ್ಬಿಕೊಂಡಂತೆ ಕೂತಿರುತ್ತಾಳೆ.

ಅದರ ಮೇಲೆ ಮೀನಿನ ವಾಸನೆ. ದುರುಗಕ್ಕ ಜಗಳೂರು ಕಡೆಯವಳು, ಇಲ್ಲಿಗೆ ಮದುವೆಯಾಗಿ ಬಂದವಳು. ಗಂಡ ಮಾರುತೇಶ್ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ, ಸಂಜೆ ಹೊಳೆಗೆ ಬಲೆ ಹಾಕುತ್ತಾನೆ. ಅವಳ ಒಲೆ ಸರಿಯಾಗಿ ನಮ್ಮ ಗೋಡೆಯ ಪಕ್ಕ. ಹುಟ್ಟಿದಾಗಿನಿಂದ ಮೀನು ಮುಟ್ಟದ ನಮಗೆ ಈ ವಾಸನೆಯ ಶಿಕ್ಷೆ ಬೇರೆ. ಇವತ್ತು ಕಲ್ಪನಾ ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ವಾಂತಿ ಮಾಡಿಕೊಂಡಳು. ಗೋಡೆಗೆ ಕೇಳಲಿ ಎಂದೇ ಜೋರಾಗಿ ಗೊಣಗಿದೆ.

ಮಾರ್ಚ್ 7

ಎರಡು ದಿನದಿಂದ ವಾಸನೆ ಇಲ್ಲ. ಹೊಳೆಯಲ್ಲಿ ಮೀನು ಮುಗಿದಿರಬೇಕು.

ಮಾರ್ಚ್ 19

ಸರ್ಕಾರ ನಮಗೆ ಕಟ್ಟಿಕೊಡುವ ಮನೆಗಳ ಉಸ್ತುವಾರಿಯ ಇಂಜಿನಿಯರ್ ಹುಡುಗ ಬಂದಿದ್ದ. ಮನೆ ಯಾವಾಗ ಎಂದರೆ "ಪಾಯ ಆಗೈತಲ್ಲಮ್ಮ" ಎನ್ನುತ್ತಾನೆ. ಪಾಯದ ಮೇಲೆ ಹಾಸಿಗೆ ಹಾಕಿಕೊಳ್ಳಲೇನು?

ಇವರು ಅವನ ಹತ್ತಿರ ದುರುಗಕ್ಕನ ಕಡೆಯ ಗೋಡೆಗೆ ಒಂದು ಕಿಟಕಿ ಕೇಳಿದರು. ಇರುವುದು ಬಾಗಿಲ ಪಕ್ಕ ಅಂಗೈಯಗಲದ ಒಂದೇ ಕಿಂಡಿ. ಹುಡುಗ ಗಾಬರಿಯಾದ. "ಬ್ಯಾಡ್ರಿ ಸರ್. ಒಂದೊಂದು ತಗಡಿಗೂ ನಂಬರ್ ಐತೆ. ನಿಮಗೆ ಮನೆ ಆದ ಮೇಲೆ ಇವನ್ನ ಬಿಚ್ಚಿ ಇನ್ನೊಂದು ಊರಿಗೆ ಒಯ್ಯಬೇಕು. ಕಡಿದ್ರೆ ಮತ್ತೆ ಜೋಡಿಸಾಕೆ ಬರಲ್ಲ."

ನಾನು ಅವನ ಕಡೆಗೇ ಸೇರಿದೆ. ಬಾಣಂತಿ ಕೋಣೆಗೆ ಯಾರಾದರೂ ಕಿಟಕಿ ಕೇಳುತ್ತಾರೆಯೇ? ಗಾಳಿ ಸೋಂಕಿ, ನಂಜಾಗಿ, ಆಮೇಲೆ ಬಸವಾಪಟ್ಟಣದವರ ಬಾಯಿಗೆ ಬೀಳಬೇಕೇ? ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ.

ರಾತ್ರಿ ಊಟದಲ್ಲಿ ಮತ್ತೆ ಚರಿತ್ರೆ. ಎರಡನೇ ಯುದ್ಧದಲ್ಲಿ ಇಂಥವೇ ಗುಡಿಸಲು ಆಸ್ಪತ್ರೆಯಾದವಂತೆ, ಶಾಲೆಯಾದವಂತೆ, ಯುದ್ಧ ಮುಗಿದರೂ ಮನೆ ಸಿಗದ ಸಂಸಾರಗಳು ವರ್ಷಗಟ್ಟಲೆ ಅವುಗಳಲ್ಲೇ ಇದ್ದವಂತೆ. "ನೋಡು, ನಮ್ಮಂಗೇ" ಎಂದರು, ಯಾರೋ ನೆಂಟರು ಸಿಕ್ಕಿದ ಹಾಗೆ. ಅನ್ನಕ್ಕೆ ಮಜ್ಜಿಗೆ ಹಾಕದೆ ಎದ್ದು ಹೋದೆ.

ಏಪ್ರಿಲ್ 12

ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದಾರೆ. ಮೂಗು ನಮ್ಮ ಕಡೆಯದು. ಇನ್ನೇನೂ ಬರೆಯಲು ತೋಚುತ್ತಿಲ್ಲ.

ಏಪ್ರಿಲ್ 16

ಬಾಣಂತಿಯನ್ನೂ ಕೂಸನ್ನೂ ಶೆಡ್ಡಿಗೆ ಕರೆತಂದೆವು. ಬರುವ ಮೊದಲೇ ಎಲ್ಲ ಸಿದ್ಧ ಮಾಡಿದ್ದೆ. ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿದೆ. ಕುಲಾವಿ ಹೊಲಿದೆ, ಒಳಗೆ ಮೆತ್ತನೆ ಹಳೇ ಪಂಚೆಯ ಬಟ್ಟೆ ಕೊಟ್ಟು. ಬ್ಲೌಸಿನ ಚೂರುಗಳನ್ನೆಲ್ಲ ಸುರುಳಿ ಸುತ್ತಿ ತಗಡು ತಗಡು ಕೂಡುವ ಕಡೆ ತುರುಕಿದೆ. ಬಾಗಿಲ ಪಕ್ಕದ ಕಿಂಡಿಗೂ ದುಪ್ಪಟಿ ಮಡಚಿ ಒತ್ತಿದೆ. ಮಂಚದ ಕೆಳಗೆ ಬಾಣಲೆಯಲ್ಲಿ ಕೆಂಡ. ನಾನು ಕಲ್ಪನಾಳನ್ನು ಹೆತ್ತಾಗ ನಮ್ಮವ್ವ ಹೀಗೇ ಮಾಡಿದ್ದಳು, ಒಂದು ಎಳೆ ಗಾಳಿ ಸೋಂಕಿರಲಿಲ್ಲ.

ಬಿಡುವಾಗ ಆಸ್ಪತ್ರೆಯ ನರ್ಸು "ಅಜ್ಜಿ, ಬಿಸಿಲು ಜಾಸ್ತಿ ಐತೆ, ಕೂಸಿಗೆ ಬಾಳ ಸುತ್ತಬ್ಯಾಡ್ರಿ, ಗಾಳಿ ಆಡ್ಲಿ" ಎಂದಳು. ಅವಳಿಗಿನ್ನೂ ಮದುವೆಯೇ ಆಗಿಲ್ಲ. ನನಗೆ ಕಲಿಸಲು ಬಂದಳು.

ಬೀಗಿತ್ತಿ ಫೋನು ಮಾಡಿದ್ದರು. "ಬೆಚ್ಚಗೆ ಇಟ್ಕೊಂಡೀರೇನ್ರಿ?" "ನಿಮ್ಮ ಮನೆಗಿಂತ ಬೆಚ್ಚಗೆ" ಎಂದೆ. ಎಷ್ಟೋ ತಿಂಗಳ ಮೇಲೆ ಮನಸ್ಸಿಗೆ ಹಿತವಾಯಿತು.

ಏಪ್ರಿಲ್ 20



ಮಧ್ಯಾಹ್ನ ಕೂಸಿಗೆ ಎಣ್ಣೆ ಹಚ್ಚಿ, ನೀರೆರೆದು, ಧೂಪ ಹಾಕಿ, ಕುಲಾವಿ ಕಟ್ಟಿ, ಕಂಬಳಿಯಲ್ಲಿ ಸುತ್ತಿ ಕಲ್ಪನಾಳ ಪಕ್ಕ ಮಲಗಿಸಿದೆ. ಕೆಂಡ ಇಟ್ಟೆ. ಬಾಗಿಲು ಹಾಕಿದೆ. ಕೂಸು ಬಹಳ ಹೊತ್ತು ಅತ್ತಿತು. ಆಮೇಲೆ ಸುಮ್ಮನಾಯಿತು. ಹಿತವಾದ ನಿದ್ದೆ ಹತ್ತಿತು ಎಂದುಕೊಂಡೆ. ಕಲ್ಪನಾ "ಅವ್ವ, ತಲೆ ತಿರುಗ್ತೈತೆ, ಬಾಗ್ಲು ತೆಗಿ" ಎಂದಳು. "ಬಾಣಂತಿಗೆ ಹಂಗೇ ಆಗ್ತೈತೆ, ಮಲಕ್ಕೋ" ಎಂದೆ. ನಾನೇ ಎಂದೆ.

ಆಗ ಆಚೆಯಿಂದ ತಗಡು ಬಡಿದ ಸದ್ದು. "ಮಂಗಳಕ್ಕಾ! ಕೂಸು ಯಾಕೆ ಸುಮ್ಕಾತು?"

"ಮಲಗೈತೆ ಕಣೇ. ಕೂಸು ಮಲಗಿದ್ರೂ ನಿಂಗೆ ಹೇಳ್ಬೇಕಾ?"

"ಇಲ್ಲಕ್ಕ, ದಿನಾ ಕೇಳ್ತೀನಲ್ಲ, ಮಲಗೋವಾಗ ಅದು ಹಿಂಗೆ ನಿಲ್ಲಲ್ಲ. ಬಾಗ್ಲು ತೆಗಿ!"

ನಾನು ತೆಗೆಯಲಿಲ್ಲ. ದುರುಗಕ್ಕ ಒದ್ದಳು. ಈ ಶೆಡ್ಡಿನ ಚಿಲಕ ಎಷ್ಟರದು, ಕಿತ್ತು ಬಂತು. ಒಳಗೆ ಬಂದವಳೇ ನನ್ನನ್ನು ಸರಿಸಿ ಕಂಬಳಿ ಬಿಚ್ಚಿದಳು, ಕುಲಾವಿ ಕಿತ್ತೆಸೆದಳು, ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ಹಿಂದೆಯೇ ಹೋದೆ. ಕೂಸಿನ ಮೈ ಕೆಂಪಾಗಿ ಸುಡುತ್ತಿತ್ತು, ಕೈಕಾಲು ಜೋತು ಬಿದ್ದಿದ್ದವು. ಎದೆಗಿಟ್ಟರೆ ಬಾಯಿ ತೆರೆಯಲಿಲ್ಲ.

ಮಾರುತೇಶ್ ಗ್ಯಾರೇಜಿನಲ್ಲಿದ್ದ ಯಾರದೋ ಆಟೋ ತಂದ. ಆಸ್ಪತ್ರೆಯಲ್ಲಿ ಇಬ್ಬರನ್ನೂ ಇಟ್ಟುಕೊಂಡಿದ್ದಾರೆ. ಮುಚ್ಚಿದ ತಗಡಿನೊಳಗೆ ಕೆಂಡ ಇಟ್ಟಿದ್ದೆವು ಎಂದು ಕೇಳಿ ಡಾಕ್ಟರು ಎಲ್ಲರ ಮುಂದೆ ಬೈದರು. ಅದೇ ನರ್ಸು ಅಲ್ಲಿದ್ದಳು. ಅವಳು ನನಗೆ ಕುಡಿಯಲು ನೀರು ಕೊಟ್ಟಳು.

ಸಂಜೆ ಕೂಸು ಹಾಲು ಕುಡಿಯಿತು. ನಾನು ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ.

ಏಪ್ರಿಲ್ 22

ನಾಳೆ ಬಿಡುತ್ತಾರಂತೆ. ಬಿಟ್ಟರೆ ಎಲ್ಲಿಗೆ?

ನಮ್ಮವ್ವ ಮಾಡಿದ್ದನ್ನೇ ಮಾಡಿದೆ. ಆದರೆ ಅವಳು ಮಾಡಿದ್ದು ದಪ್ಪ ಮಣ್ಣಿನ ಗೋಡೆಯೊಳಗೆ, ಅದೂ ಮಳೆಗಾಲದಲ್ಲಿ. ಆ ಗೋಡೆ ಸೆಕೆ ಕುಡಿಯುತ್ತಿತ್ತು, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಇಲ್ಲಿ ಬಿಸಿಲೇ ಕೆಂಡ, ಅದರ ಮೇಲೆ ನನ್ನದೊಂದು ಬಾಣಲೆ. ಇಷ್ಟು ತಿಂಗಳಿಂದ ಇದು ಮನೆಯಲ್ಲ, ಮನೆಯಲ್ಲ ಎಂದು ಬಾಯಿ ಬಡಿದುಕೊಂಡವಳು ನಾನೇ. ಬಾಣಂತನಕ್ಕೆ ಮಾತ್ರ ನಮ್ಮ ಹಳೇ ಮನೆಯಲ್ಲಿರುವ ಹಾಗೆಯೇ ನಡೆದುಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ವಿಷಯ ಬಸವಾಪಟ್ಟಣಕ್ಕೆ ಮುಟ್ಟಿದೆ. ರುದ್ರಮುನಿ ಬಂದು ನೋಡಿಕೊಂಡು ಹೋದ. ಸೋಮವಾರ ತಾಯಿ ಬರುತ್ತಾರಂತೆ, ಕರೆದುಕೊಂಡು ಹೋಗಲು.

ಏಪ್ರಿಲ್ 24

ನಿನ್ನೆ ಇಡೀ ದಿನ ಕಲ್ಪನಾ ಮತ್ತು ಕೂಸು ದುರುಗಕ್ಕನ ಬಾಗಿಲ ಮುಂದಿನ ಬೇವಿನ ನೆರಳಲ್ಲಿ ಕಳೆದರು. ಅಲ್ಲಿ ಕೂತಾಗ ನೋಡಿದೆ, ದುರುಗಕ್ಕನ ಒಲೆ ಶೆಡ್ಡಿನ ಆಚೆ ಮೂಲೆಯಲ್ಲಿದೆ, ಸುಡು ಬಿಸಿಲಲ್ಲಿ. "ಇದ್ಯಾವಾಗ ಇಲ್ಲಿಗೆ ತಂದೆ?" ಎಂದೆ. "ನಿನ್ನ ಮಗಳು ವಾಂತಿ ಮಾಡ್ಕೊಂಡ್ಲಲ್ಲಕ್ಕ, ಅವತ್ತೇ" ಎಂದಳು. ಅವತ್ತು ಗೋಡೆಗೆ ಕೇಳಲಿ ಎಂದು ಏನೇನು ಅಂದಿದ್ದೆ ಎಂಬುದು ಒಂದೊಂದೇ ನೆನಪಾಯಿತು. ಅವಳಿಗೂ ನೆನಪಿರಬೇಕು.

ಇವತ್ತು ಬೆಳಗಿನ ಊಟದ ಹೊತ್ತಿಗೆ ಇವರು ಮೆಲ್ಲಗೆ ಬಾಯಿ ತೆಗೆದರು. ಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ದೂರದ ಯಾವುದೋ ದ್ವೀಪದಲ್ಲಿ ಇಂಥ ಎರಡು ಗುಡಿಸಲು ಒಂದಕ್ಕೊಂದು ಜೋಡಿಸಿ ಪ್ರಾರ್ಥನಾ ಮಂದಿರ ಮಾಡಿಕೊಂಡಿದ್ದರಂತೆ. ಒಳಗೆಲ್ಲ ಚಿತ್ರ ಬರೆದರಂತೆ. ಅದು ಇನ್ನೂ ಇದೆಯಂತೆ. ನಾನು ಬೈಯುತ್ತೇನೆಂದು ಅರ್ಧಕ್ಕೇ ನಿಲ್ಲಿಸಿದರು.

"ಸೆರೆಯಾಳುಗಳು ಯಾರನ್ನ ಕೇಳಿ ಜೋಡಿಸಿದ್ರಂತೆ?" ಎಂದೆ.

"ಹೇ, ಅದನ್ನ ಸರಿಯಾಗಿ ಓದಿಲ್ಲ."

"ಹೋಗಿ ಮಾರುತೇಶನ್ನ ಕರೀರಿ. ತಗಡು ಕೊಯ್ಯೋ ಮಷೀನು ತರಾಕೆ ಹೇಳಿ."

ಇವರು ಬಾಗಿಲ ಮೇಲಿನ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಎದ್ದು ಹೋದರು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ನಾನೇ ಗೆರೆ ಎಳೆದೆ. ಮಂಚದ ಎತ್ತರಕ್ಕೆ, ಮಲಗಿದವಳ ಮೇಲೆ ಗಾಳಿ ಹರಿಯುವ ಹಾಗೆ. ಎದುರಿಗೆ ದುರುಗಕ್ಕ ತನ್ನ ಗೋಡೆಗೂ ಎಳೆಸಿಕೊಂಡಳು. ಮಾರುತೇಶ್ ಮಷೀನು ಹಚ್ಚಿದಾಗ ಬಂದ ಸದ್ದಿಗೆ ಸಾಲಿನವರೆಲ್ಲ ಹೊರಗೆ ಬಂದರು. ಕಿಡಿ ಹಾರಿತು, ತಗಡು ಬಿತ್ತು, ಹೊಳೆಯ ಕಡೆಯ ಗಾಳಿ ಒಳಗೆ ಬಂತು. ಎಂಟು ತಿಂಗಳು ಈ ಗಾಳಿ ಹೊರಗೇ ತಿರುಗಾಡುತ್ತಿತ್ತು!

ಕೊಯ್ದ ಅಂಚು ಬ್ಲೇಡಿನ ಹಾಗಿತ್ತು. ಹಳೇ ರೆಕ್ಸಿನ್ ಬ್ಯಾಗು ಪಟ್ಟಿ ಪಟ್ಟಿ ಕತ್ತರಿಸಿ, ಬ್ಲೌಸಿನ ಕುತ್ತಿಗೆಗೆ ಪೈಪಿಂಗ್ ಕೊಡುವ ಹಾಗೆ ಸುತ್ತಲೂ ಮಡಚಿ ಕೂರಿಸಿದೆ. ಎರಡು ಶೆಡ್ಡಿನ ನಡುವೆ ತೆಂಗಿನ ಗರಿಯ ಚಪ್ಪರ ಬಿತ್ತು, ಕೆಳಗೆ ಮಂಚ. ಮೇಲಿನ ತಗಡಿಗೆ ಇವರು ಸುಣ್ಣ ಬಳಿದು, ತಲೆಗೂ ಬಳಿದುಕೊಂಡು ಇಳಿದರು. ದುರುಗಕ್ಕ ಕುಂಬಳದ ಬಳ್ಳಿ ಹಬ್ಬಿಸೋಣ ಎಂದಳು. ಸಸಿ ಇಟ್ಟ ಒಂದು ತಾಸಿಗೆ ಯಾರದೋ ಆಡು ತಿಂದು ಹೋಯಿತು.

ಸೊಂಟ ಬಿದ್ದುಹೋಗಿದೆ. ಇಷ್ಟೆಲ್ಲ ಮಾಡಿ ಸೋಮವಾರ ಅವಳು ಹೊರಟೇ ಹೋಗುತ್ತಾಳೆ.

ಏಪ್ರಿಲ್ 27, ಸೋಮವಾರ

ಬೀಗಿತ್ತಿ ಬಂದರು. ಕಾರು ಮಾಡಿಕೊಂಡೇ ಬಂದಿದ್ದರು. ನಾನು ಎದುರು ನಿಂತು "ತಪ್ಪಾತ್ರಿ ಬೀಗಿತ್ತಿ" ಎಂದೆ. ಎರಡು ದಿನದಿಂದ ಬೇರೆ ಬೇರೆ ಉತ್ತರ ಜೋಡಿಸಿಟ್ಟಿದ್ದೆ, ಅವೆಲ್ಲ ಎಲ್ಲಿಗೆ ಹೋದವೋ. ಅವರು ಚಪ್ಪಲಿ ಬಿಟ್ಟು ಒಳಗೆ ಕಲ್ಪನಾಳ ಹತ್ತಿರ ಹೋದರು. ನಾನು ಕೂಸನ್ನು ಎತ್ತಿಕೊಂಡು ದುರುಗಕ್ಕನ ಶೆಡ್ಡಿಗೆ ಹೋಗಿ ಕೂತೆ. ಮಗಳ ಬಟ್ಟೆ ಮಡಚುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಎದುರು ಬದುರು ಕಿಟಕಿ. ಒಂದೊಂದು ಮಾತೂ ಕೇಳುತ್ತಿತ್ತು.

"ಏಳವ್ವ. ನಿಮ್ಮವ್ವನ ಬಾಣಂತನ ನೋಡಿದ್ದು ಸಾಕು. ಕೂಸು ಹೋಗಿಬಿಟ್ಟಿದ್ರೆ ಏನ್ ಮಾಡ್ತಿದ್ದೆ?"

ಕೂಸನ್ನು ಎದೆಗೆ ಒತ್ತಿಕೊಂಡೆ. ದುರುಗಕ್ಕ ನನ್ನ ಮೊಣಕಾಲು ಹಿಡಿದುಕೊಂಡಳು.

ಕಲ್ಪನಾ ಹೇಳಿದಳು. "ಹೌದತ್ತೆ, ಅವ್ವ ತಪ್ಪು ಮಾಡಿದ್ಲು. ನಾನೂ ಪಕ್ಕದಾಗೇ ಮಲಗಿದ್ದೆ, ಎದ್ದು ಬಾಗ್ಲು ತೆಗೀಲಿಲ್ಲ. ಆದ್ರೆ ಇದನ್ನ ನೋಡ್ರಿ. ಎಂಟು ತಿಂಗಳಿಂದ ಈ ಗೋಡಿಗೆ ಒಂದು ಮೊಳೆ ಹೊಡಿಯಾಕೆ ಬಿಟ್ಟಿರಲಿಲ್ಲ ನಮ್ಮವ್ವ. ನನ್ನ ಸಲುವಾಗಿ ಗೋಡೇನೇ ಕೊಯ್ಸ್ಯಾಳೆ. ನಾ ಇಲ್ಲೇ ಇರ್ತೀನತ್ತೆ. ಅವಳನ್ನ ಹಿಂಗೇ ಬಿಟ್ಟು ಬಂದ್ರೆ ಅವಳು ಇನ್ನೊಂದ್ಸಲ ಕೂಸು ಎತ್ಕೊಳ್ಳಾಕೂ ಹೆದರ್ತಾಳೆ."

ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ಇಲ್ಲಿಂದ ಸದ್ದು ಬಂದರೆ ಅವರಿಗೂ ಕೇಳುತ್ತದಲ್ಲ. ಇಟ್ಟಿಗೆ ಗೋಡೆಯ ಮನೆಯಾಗಿದ್ದರೆ ಮಗಳ ಈ ಮಾತು ನನಗೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ.

ಬೀಗಿತ್ತಿ ಚಪ್ಪರದ ಕೆಳಗಿನ ಮಂಚದ ಮೇಲೆ ಕೂತು ಚಹಾ ಕುಡಿದರು. ಬೆಲ್ಲ ಕಡಿಮೆಯಾಯಿತು ಎಂದರು. ಹಾಗೇ ಕಾಲು ಚಾಚಿ ನಿದ್ದೆ ಹೋದರು. ಕಾರಿನವನು ಎರಡು ಸಲ ಬಂದು ಇಣುಕಿ ಹೋದ. ಎದ್ದ ಮೇಲೆ ಮುಖ ತೊಳೆದು, ಕೂಸಿನ ಕೈಗೆ ಬೆಳ್ಳಿ ಬಳೆ ಹಾಕಿ, ನನ್ನ ಕಡೆ ನೋಡದೆ ಹೇಳಿದರು. "ಐದನೇ ತಿಂಗ್ಳಿಗೆ ಕರ್ಕೊಂಡು ಹೋಗಾಕೆ ಬರ್ತೀವಿ. ಕೆಂಡ ಗಿಂಡ ಇಟ್ಟೀರಿ ಮತ್ತೆ."

ಮೇ 10

ಇವತ್ತು ಇಂಜಿನಿಯರ್ ಹುಡುಗ ಬಂದ. ಕಿಟಕಿ ನೋಡಿ ಹಣೆ ಹಣೆ ಬಡಿದುಕೊಂಡ. ಸಾಲಿನಲ್ಲಿ ಈಗ ಇನ್ನೂ ನಾಲ್ಕಾರು ಶೆಡ್ಡಿಗೆ ಕಿಟಕಿಯಾಗಿದೆ, ಅದನ್ನು ಅವನು ಇನ್ನೂ ನೋಡಿರಲಿಲ್ಲ. "ಏನಮ್ಮ ಇದು? ಈ ತಗಡು ನಾಳೆ ಬೇರೆ ಊರಿಗೆ ಹೋಗ್ಬೇಕು. ಇಷ್ಟು ದೊಡ್ಡ ತೂತು ಮಾಡೀರಲ್ಲ, ಹೆಂಗ್ ಒಯ್ಯೋದು?"

"ಹಿಂಗೇ ಒಯ್ಯಪ್ಪ. ಮುಚ್ಚಬ್ಯಾಡ. ಆ ಊರಾಗೂ ಯಾರೋ ಒಬ್ಬಾಕಿ ಬಾಣಂತಿ ಇರ್ತಾಳೆ" ಎಂದೆ.

ಹುಡುಗ ಬರೆಯಲು ತೆಗೆದ ಪೆನ್ನು ಹಾಗೇ ಜೇಬಿಗೆ ಹಾಕಿಕೊಂಡ. ಹೊಸ ಮನೆ ಯಾವಾಗ ಎಂದರೆ ಇವತ್ತೂ "ಪಾಯ ಆಗೈತಲ್ಲಮ್ಮ" ಎಂದ. ಎರಡು ಬೈದು, ಅಂಟಿನುಂಡೆ ಕೊಟ್ಟು ಕಳಿಸಿದೆ.

ಸಂಜೆಯಿಂದ ಮೋಡ. ಗಾಳಿಗೆ ಟ್ರಂಕಿನ ಮೇಲಿದ್ದ ಬಸವಣ್ಣನ ಫೋಟೋ ಎರಡು ಸಲ ಬಿತ್ತು. ಇವರಿಗೆ ಹೇಳಿ ಮೊಳೆ ಹೊಡೆಸಿದೆ. ಸೊಟ್ಟ ಹೊಡೆದಿದ್ದಾರೆ, ಒಂದು ಕೆಲಸ ನೆಟ್ಟಗೆ ಮಾಡುವುದಿಲ್ಲ. ದುರುಗಕ್ಕ ಆಚೆ ಕಿಟಕಿಯಿಂದಲೇ "ಬಲಕ್ಕೆ ಇನ್ನೊಂಚೂರು, ಅಣ್ಣಾರೆ" ಎನ್ನುತ್ತಿದ್ದಾಳೆ. ಇವರು ತಗಡಿನ ಚರಿತ್ರೆಯಲ್ಲಿ ಮೊಳೆಯದೂ ಒಂದು ಕಥೆ ಇದೆ ಎಂದು ಶುರು ಮಾಡಿದರು.

ಚಪ್ಪರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಹನಿ ಬೀಳುತ್ತಿದೆ, ತಗಡಿನ ಸದ್ದಿಗೆ ಯಾರ ಮಾತೂ ಕೇಳಿಸದಾಯಿತು. ಕೂಸು ಎದ್ದಿರಬೇಕು. ಮನೆಯೊಳಗೆ ಹೋಗುತ್ತೇನೆ.